ಐವತ್ತಮೂರು ಮೈಲಿ ದೂರದ ಡೇ ಸ್ಕೂಲು

ಇಂಡಿಪೆಂಡೆಂಟ್ ಸ್ಕೂಲ್ ಅಂದ ತಕ್ಷಣ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಬರೋದು ಎರಡೇ ಪ್ರಶ್ನೆ. ಫೀಸ್ ಎಷ್ಟು? ಬಸ್ಸು ಎಲ್ಲೀವರೆಗೆ ಬರುತ್ತೆ? ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಶುರುವಾದಾಗ 'ಇಂಡಿಪೆಂಡೆಂಟ್' ಅನ್ನೋ ಮಾತಿಗೆ ಬೇರೆಯದೇ ಅರ್ಥವಿತ್ತು. ಅದು 1917, ಹೋಂ ರೂಲ್ ಚಳವಳಿಗಾಗಿ ಆನಿ ಬೆಸೆಂಟರನ್ನು ಮದ್ರಾಸ್ ಸರ್ಕಾರ ಬಂಧನದಲ್ಲಿಟ್ಟ ವರ್ಷ. ರಾಷ್ಟ್ರೀಯ ಶಿಕ್ಷಣ ಬೇಕು ಅನ್ನೋ ಅವರ ಮಾತಿನ ಪ್ರೇರಣೆಯಿಂದ ಹುಟ್ಟಿದ್ದು ಈ ಶಾಲೆ. ಹೆಸರು ನೋಡಿ, 'ನ್ಯಾಷನಲ್'. ನೇಷನ್ ಬರೋದಕ್ಕೆ ಇನ್ನೂ ಮೂವತ್ತು ವರ್ಷ ಬಾಕಿ! ಬೆಂಗಳೂರಿದ್ದದ್ದು ಮಹಾರಾಜರ ಸಂಸ್ಥಾನದಲ್ಲಿ. ಆ ಹೆಸರಿನ ಧೈರ್ಯ ನನಗೆ ಬಹಳ ಇಷ್ಟ.

ಆದರೆ ಡೇ ಸ್ಕೂಲಿಗೆ ಒಂದು ಮಿತಿ ಇದ್ದೇ ಇರುತ್ತೆ. ಸಂಜೆ ಗಂಟೆ ಹೊಡೆದ ಮೇಲೆ ಹೋಗೋಕೆ ಊರಲ್ಲೇ ಒಂದು ಮನೆ ಬೇಕು. ಇಲ್ಲದವರು ಏನು ಮಾಡಬೇಕು?

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ ಹೊರಟ. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಬೆಂಗಳೂರಿನ ಈ ಶಾಲೆಗೆ ಬಂದಿದ್ದರು. ಓದು ಮುಂದುವರಿಸೋಕೆ ಅದೊಂದೇ ದಾರಿ. ಬಸ್ ಚಾರ್ಜಿಗೆ ದುಡ್ಡಿಲ್ಲ, ಹಾಗಾಗಿ ನಡೆದ. ಐವತ್ತಮೂರು ಮೈಲಿ, ಎರಡು ದಿನ. ನಮ್ಮ ವೈದ್ಯನಾಥಪುರದಿಂದ ಬಸವನಗುಡಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಹೊಸ ಹೆದ್ದಾರೀಲಿ ಕಾರಲ್ಲಿ ಹೋಗೋವಾಗಲೂ ಬಿಡದಿ ಹೊತ್ತಿಗೆ ನಾನು ಕಾಫಿ ಹುಡುಕ್ತೀನಿ.

ಆ ಹುಡುಗ ಎಚ್. ನರಸಿಂಹಯ್ಯ. ಶಾಲೆ ಸೇರಿ ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದುಕೊಂಡರು. ಮರುವರ್ಷ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಆಮೇಲೆ ಎರಡೇ ವರ್ಷಕ್ಕೆ, 1938ರಲ್ಲಿ, ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೀತು. 'ನ್ಯಾಷನಲ್' ಅನ್ನೋ ಪದ ಬೋರ್ಡಿನಿಂದ ಇಳಿದು ಹೊಲದವರೆಗೂ ಬಂದಿತ್ತು ಅನ್ನಿ. 1942ರ ಚಳವಳಿಯಲ್ಲಿ ನರಸಿಂಹಯ್ಯ ಓದು ಬಿಟ್ಟು ಜೈಲಿಗೂ ಹೋದರು.

ಬಿಡುಗಡೆಯಾಗಿ ಓದು ಮುಗಿಸಿ, 1946ರಲ್ಲಿ ಅದೇ ಸಂಸ್ಥೆಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಬಂದರು. ಮುಂದೆ ಅಮೆರಿಕದಲ್ಲಿ ಡಾಕ್ಟರೇಟು, ಪ್ರಿನ್ಸಿಪಾಲಗಿರಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ. ಇವನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸೋದು ಅವರ ವಿಳಾಸ. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ, 2005ರಲ್ಲಿ ತೀರಿಕೊಳ್ಳೋವರೆಗೂ ಅವರ ವಾಸ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ. ಸಂಜೆ ಗಂಟೆ ಹೊಡೆದ ಮೇಲೂ ಮನೆಗೆ ಹೋಗದೆ ಉಳಿದ ವಿದ್ಯಾರ್ಥಿ ಅವರು.

ಇಂಥ ಶಾಲೆಗಳ ಚರಿತ್ರೆ ಬರೆಯೋವಾಗ ಕಟ್ಟಡ, ರ‍್ಯಾಂಕು, ಪ್ರಸಿದ್ಧ ಹಳೇ ವಿದ್ಯಾರ್ಥಿಗಳ ಪಟ್ಟಿ ಇಷ್ಟರಲ್ಲೇ ಮುಗಿಸಿಬಿಡ್ತಾರೆ. ದೂರದಿಂದ ಬಂದವನಿಗೆ ರಾತ್ರಿ ಮಲಗೋಕೆ ಜಾಗ ಯಾರು ಕೊಟ್ಟರು ಅನ್ನೋದು ಆ ಪಟ್ಟಿಯಲ್ಲಿ ಇರೋದಿಲ್ಲ. ನರಸಿಂಹಯ್ಯನವರಿಗೆ ಅದು ನೆನಪಿತ್ತು. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳನ್ನು ಶುರು ಮಾಡಿಸಿದರು. ಅವರು ಎರಡು ದಿನ ನಡೆದು ಬಂದ ದಾರಿಯ ಆ ತುದಿಯಲ್ಲೇ ಈಗ ಒಂದು ಕಾಲೇಜಿದೆ.