ದುಡಿಮೆಯಲ್ಲಿ ಬೆಳಗಿದ ವಿಶ್ವಾಸ



ಭಾನುವಾರದ ಆರಾಧನೆ ಮುಗಿದು ದೇವಾಲಯದ ಬಾಗಿಲು ಮುಚ್ಚಿದ ಮೇಲೆ ನಮ್ಮ ವಿಶ್ವಾಸವು ಎಲ್ಲಿರುತ್ತದೆ? ಸೋಮವಾರದ ಹೊಲಕ್ಕೆ, ಅಂಗಡಿಗೆ, ಕಚೇರಿಗೆ ಅದು ನಮ್ಮೊಡನೆ ಬರುತ್ತದೆಯೇ? ಈ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ಕಠಿಣವಾಗಿ ಎದುರಿಸಿದವರು ಕನ್ನಡ ನಾಡಿನ ಸಭಾಚರಿತ್ರೆಯಲ್ಲಿಯೇ ಇದ್ದಾರೆ.

1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿಯೂ ಅನಂತರ ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಸೇವೆ ಆರಂಭವಾಯಿತು. ಕರಾವಳಿಯಲ್ಲಿ ಸುವಾರ್ತೆಗೆ ಓಗೊಟ್ಟವರಲ್ಲಿ ಶೇಂದಿ ಇಳಿಸಿ ಬದುಕುತ್ತಿದ್ದ ಕುಟುಂಬಗಳು ಬಹಳ. ದೀಕ್ಷಾಸ್ನಾನ ಪಡೆದವರು ಆ ಕಸುಬನ್ನು ಬಿಡಬೇಕಾಗಿತ್ತು. ಹಲವರು ಮನೆ, ಜಮೀನು, ಬಂಧುಬಳಗವನ್ನೂ ಕಳೆದುಕೊಂಡರು. ಆತ್ಮದ ವಿಷಯವೆಂದುಕೊಂಡಿದ್ದ ವಿಶ್ವಾಸವು ಹೀಗೆ ಒಲೆಯ ಮೇಲಿನ ಗಡಿಗೆಯ ವಿಷಯವೂ ಆಯಿತು.

ಮಿಷನ್ನು ಇದಕ್ಕೆ ದುಡಿಮೆಯ ದಾರಿಯನ್ನು ಹುಡುಕಿತು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆನಿಸಿತು. ನೇಯ್ಗೆಯ ಮಗ್ಗಗಳು ಬಂದವು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಆ ಕೆಂಪು ಹೆಂಚು ಮಂಗಳೂರಿನ ಹೆಸರನ್ನು ದೂರದೂರಕ್ಕೆ ಒಯ್ದಿತು. ಕಾಲಕ್ಕೆ ಸರಿಯಾಗಿ ಬರುವುದು, ಹದವಾಗಿ ಸುಡುವುದು, ಅಳತೆ ತಪ್ಪದಂತೆ ನೇಯುವುದು, ಇವೂ ಸಾಕ್ಷಿಯ ಮಾತುಗಳಾದವು.

ಈ ಕಥೆಗೆ ನೆರಳೂ ಇದೆ. ಕೆಲಸ ಕೊಡುವವನೂ ಉಪದೇಶ ಮಾಡುವವನೂ ಒಂದೇ ಆದಾಗ ಜನರು ಮಿಷನ್ನಿನ ಮೇಲೆಯೇ ಅವಲಂಬಿತರಾಗುವ ಅಪಾಯವಿತ್ತು. ಮೊದಲ ಮಹಾಯುದ್ಧವು ಆ ಆಸರೆಯನ್ನು ಕಿತ್ತುಕೊಂಡಿತು. ಜರ್ಮನ್ ಮಿಷನರಿಗಳು ಹೊರಡಬೇಕಾಯಿತು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆದರೆ ಸಭೆ ಉಳಿಯಿತು. ಕಟ್ಟಡದ ಯಜಮಾನರು ಬದಲಾದರೂ ಹೃದಯದ ಯಜಮಾನನು ಬದಲಾಗಿರಲಿಲ್ಲ.

ಇದು ಹೊಸ ಬೋಧನೆಯಲ್ಲ. ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯಾಗಿದ್ದನು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರೊಡನೆ ಗುಡಾರ ಹೊಲಿದು ಬದುಕಿದನು. ಕೆಲಸದಿಂದ ಕೃಪೆಯನ್ನು ಕೊಳ್ಳಲಾಗದು. ಕೃಪೆ ಪಡೆದವನ ಕೆಲಸ ಮಾತ್ರ ಮೊದಲಿನಂತಿರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ಅಪರಿಚಿತ ಮಾತೂ ಅಲ್ಲ.

ಭೂಸನೂರಿನಲ್ಲಿಯೋ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿಯೋ ಇರುವ ಪ್ರಿಯರೇ, ನಿಮ್ಮ ನೆರೆಯವರು ಸತ್ಯವೇದವನ್ನು ಓದದಿರಬಹುದು. ನಿಮ್ಮನ್ನು ದಿನವೂ ಓದುತ್ತಾರೆ. ತೊಗರಿ ತೂಗುವಾಗ ತಕ್ಕಡಿಯನ್ನು ನೋಡುತ್ತಾರೆ. ಕಬ್ಬು ಕಡಿದವರ ಕೂಲಿ ಸಂಜೆಗೇ ಸಂದಿತೋ ನಾಳೆಗೆ ಹೋಯಿತೋ ಎಂದು ಗಮನಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಸಾಲಗಾರನೊಡನೆ ನೀವು ಆಡುವ ಮಾತನ್ನು ಕೇಳುತ್ತಾರೆ. ಮನೆಯ ಸೊಸೆಯನ್ನು, ಮುದಿ ತಾಯಿಯನ್ನು ನಡೆಸಿಕೊಳ್ಳುವ ರೀತಿಯೂ ಗೋಡೆಯಾಚೆಗೆ ತಿಳಿಯುತ್ತದೆ.

ಅಂದಿನ ವಿಶ್ವಾಸಿಗಳು ಕಸುಬನ್ನೇ ತೊರೆದರು. ನಮ್ಮಿಂದ ಕೇಳಲ್ಪಡುವುದು ಬಹುಶಃ ಅಷ್ಟಲ್ಲ. ಸರಿಯಾದ ತೂಕ, ಹೊತ್ತಿಗೆ ಕೂಲಿ, ಮೃದುವಾದ ಒಂದು ಮಾತು. ಈ ವಾರ ಇವುಗಳಲ್ಲಿ ಒಂದನ್ನಾದರೂ ಕರ್ತನಿಗೆ ಕಾಣಿಕೆಯಾಗಿ ಅರ್ಪಿಸೋಣ. ಅದಕ್ಕೆ ಬೇಕಾದ ಕೃಪೆಯನ್ನು ಆತನೇ ದಯಪಾಲಿಸಲಿ.