ಮೂರು ದಿನಗಳ ಒಪ್ಪಿಗೆ

ಎರಡು ದೇಶಗಳ ವ್ಯಾಜ್ಯ ಕೇಳುವ ಅಧಿಕಾರ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ತಾನಾಗಿ ಬಂದದ್ದಲ್ಲ. ವ್ಯಾಜ್ಯದಲ್ಲಿರುವ ದೇಶಗಳೇ ಅದನ್ನು ಕೊಡಬೇಕು. ತಾಲೂಕಿನ ಸಿವಿಲ್ ಕೋರ್ಟಿನ ಸಮನ್ಸ್ ಕೈಗೆ ಬಂದ ಮೇಲೆ ಪ್ರತಿವಾದಿ ಬೇಡವೆನ್ನುವಂತಿಲ್ಲ. ಹೇಗ್‌ನಲ್ಲಿ ಬೇಡವೆನ್ನಬಹುದು. ಒಪ್ಪಿಗೆ ಸಿಗುವ ಮುಖ್ಯ ದಾರಿಗಳು ಮೂರು. ಜಗಳ ಹುಟ್ಟಿದ ಮೇಲೆ ಇಬ್ಬರೂ ಕೂಡಿ ಕರಾರು ಬರೆದು ನ್ಯಾಯಾಲಯಕ್ಕೆ ಹೋಗುವುದು ಒಂದು. ಹಿಂದೆಯೇ ಸಹಿ ಹಾಕಿದ ಒಪ್ಪಂದದಲ್ಲಿ ಅಂಥ ಕಲಮು ಇರುವುದು ಇನ್ನೊಂದು. ‘ಇದೇ ರೀತಿ ಒಪ್ಪಿದ ಯಾವ ದೇಶ ದಾವೆ ಹೂಡಿದರೂ ಉತ್ತರ ಕೊಡುತ್ತೇವೆ’ ಎಂದು ಮುಂಚಿತವಾಗಿ ಘೋಷಣೆ ಸಲ್ಲಿಸುವುದು ಮೂರನೆಯದು. ನ್ಯಾಯಾಲಯದ ಕಾಯಿದೆಯ 36ನೇ ವಿಧಿ ಇದಕ್ಕೆ ಎಡೆಕೊಡುತ್ತದೆ. ಈ ಮೂರನೆಯ ದಾರಿ ಎಷ್ಟು ಹರಿತವಾದದ್ದೆಂದು ಭಾರತಕ್ಕೆ ತಿಳಿದದ್ದು ಉತ್ತರ ಕನ್ನಡದ ನೆರೆಯಲ್ಲೇ ಇದ್ದ ಪೋರ್ಚುಗೀಸರಿಂದ.

ಆ ನೆರೆತನ ಹಳೆಯದು. 1763ರ ಸುಮಾರಿಗೆ ಹೈದರಾಲಿಯ ದಾಳಿಗೆ ಸಿಕ್ಕ ಸೋಂದೆಯ ಅರಸ ಗೋವೆಗೆ ಹೋಗಿ ಆಶ್ರಯ ಪಡೆದ. ಘಟ್ಟದ ಮೇಲಿನ ಸೀಮೆ ಮೈಸೂರಿನ ವಶವಾಯಿತು. ಘಟ್ಟದ ಕೆಳಗಿನ ಫೋಂಡಾ, ಕಾಣಕೋಣ ಮುಂತಾದ ಮಹಾಲುಗಳು ಪೋರ್ಚುಗೀಸರ ಕೈಸೇರಿದವು. 1791ರ ಒಪ್ಪಂದ ಅದನ್ನು ಕಾಗದದ ಮೇಲೆ ಖಾಯಂ ಮಾಡಿತು. ಉತ್ತರ ಕನ್ನಡದ ಮಳಗಿ, ಮುಂಡಗೋಡ, ಸೂಪಾಗಳ ಕಡೆಯವರಿಗೆ ಗೋವೆ ಪರದೇಶವಾದದ್ದು ಹೀಗೆ. ಮುಂದೆ ಮುರಗಾಂವ ಬಂದರಿನ ರೈಲು ಬಂದಾಗ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಗಡಿ ನಿಲ್ದಾಣವಾಯಿತು. 1955ರ ಆಗಸ್ಟ್ 15ರಂದು ಗೋವೆಯೊಳಗೆ ಹೊಕ್ಕ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಹಲವರು ಸತ್ತ ಮೇಲೆ ಭಾರತ ಆ ರೈಲು ಸಂಪರ್ಕವನ್ನು ಕಡಿದುಹಾಕಿತು.

ನ್ಯಾಯಾಲಯದ ಮೆಟ್ಟಿಲೇರಿದ್ದು ಗೋವೆಯ ಪ್ರಶ್ನೆಯಲ್ಲ, ದಾದ್ರಾ ಮತ್ತು ನಗರ ಹವೇಲಿಯದು. ದಮನ್ ಬಂದರಿನ ಒಳನಾಡಿನಲ್ಲಿ, ಸುತ್ತಲೂ ಭಾರತದ ನೆಲದಿಂದ ಆವೃತವಾದ ಈ ಎರಡು ತುಂಡುಗಳನ್ನು 1954ರ ಜುಲೈ–ಆಗಸ್ಟ್‌ನಲ್ಲಿ ಸ್ವಯಂಸೇವಕರು ಬಿಡುಗಡೆ ಮಾಡಿದರು. ದಮನ್‌ನಿಂದ ಅಲ್ಲಿಗೆ ಹೋಗುವ ದಾರಿಯನ್ನು ಭಾರತ ಮುಚ್ಚಿತ್ತು. ಅದು ತನ್ನ ಹಕ್ಕಿನ ದಾರಿ ಎಂಬುದು ಪೋರ್ಚುಗಲ್‌ನ ವಾದ.

ಅದು ಹೂಡಿದ ಆಟದ ದಿನಾಂಕಗಳನ್ನು ಗಮನಿಸಬೇಕು. 1955ರ ಡಿಸೆಂಬರ್ 14ರಂದು ಪೋರ್ಚುಗಲ್ ವಿಶ್ವಸಂಸ್ಥೆಯ ಸದಸ್ಯ ದೇಶವಾಯಿತು. 19ರಂದು ನ್ಯಾಯಾಲಯದ ಅಧಿಕಾರವನ್ನು ಒಪ್ಪುವ ಘೋಷಣೆ ಸಲ್ಲಿಸಿತು. 22ರಂದು ಭಾರತದ ಮೇಲೆ ದಾವೆ ಹಾಕಿತು. ಘೋಷಣೆಯ ಪ್ರತಿ ಭಾರತದ ಕೈಸೇರುವ ಮೊದಲೇ ಮೊಕದ್ದಮೆ ದಾಖಲಾಗಿತ್ತು. ಭಾರತದ ಒಪ್ಪಿಗೆಯೋ, 1940ರ ಫೆಬ್ರವರಿ 28ರದು. ಬ್ರಿಟಿಷರ ಆಡಳಿತದಲ್ಲಿ, ರಾಷ್ಟ್ರಸಂಘದ ಕಾಲದ ಹಿಂದಿನ ನ್ಯಾಯಾಲಯಕ್ಕೆ ಕೊಟ್ಟ ಆ ಮಾತು 36ನೇ ವಿಧಿಯ 5ನೇ ಉಪವಿಧಿಯಿಂದ ಹೊಸ ನ್ಯಾಯಾಲಯಕ್ಕೂ ಸಂದಿತ್ತು. ಪರಾಧೀನ ಭಾರತದ ಹೆಸರಿನಲ್ಲಿ ಬರೆದ ಮಾತು ಸ್ವತಂತ್ರ ಭಾರತವನ್ನು ಕಟ್ಟಿಹಾಕಿತು; ಅದೂ ಒಂದು ವಸಾಹತು ಶಕ್ತಿಯ ಪರವಾಗಿ. 1956ರ ಜನವರಿ 7ರಂದು ಭಾರತ ಆ ಘೋಷಣೆಯನ್ನು ಹಿಂತೆಗೆದು, ತನ್ನ ಆಂತರಿಕ ವಿಷಯಗಳನ್ನು ಹೊರಗಿಟ್ಟ ಹೊಸದನ್ನು ಕೊಟ್ಟಿತು. ಆದರೆ ದಾವೆ ದಾಖಲಾದ ಮೇಲೆ ಒಪ್ಪಿಗೆ ಮುಗಿದರೂ ಅಧಿಕಾರ ತಪ್ಪದೆಂದು 1953ರಲ್ಲಿ ಲಿಕ್ಟೆನ್‌ಸ್ಟೈನ್ ಮತ್ತು ಗ್ವಾಟೆಮಾಲಾಗಳ ನೊಟ್ಟೆಬೋಮ್ ಪ್ರಕರಣದಲ್ಲಿ ಆಗಲೇ ತೀರ್ಮಾನವಾಗಿತ್ತು.

ಭಾರತ ಆರು ಪ್ರಾಥಮಿಕ ಆಕ್ಷೇಪಣೆಗಳನ್ನು ಎತ್ತಿತು. ಅಟಾರ್ನಿ ಜನರಲ್ ಎಂ. ಸಿ. ಸೆತಲ್ವಾಡ್ ವಾದಿಸಿದರು. ಪೀಠದಲ್ಲಿ ಭಾರತೀಯ ನ್ಯಾಯಾಧೀಶರಿರಲಿಲ್ಲ. ಅಲ್ಲಿ ಕುಳಿತ ಮೊದಲ ಭಾರತೀಯ, ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್, 1953ರಲ್ಲೇ ತೀರಿಕೊಂಡಿದ್ದರು. ಅಂಥ ಸಂದರ್ಭದಲ್ಲಿ ದೇಶ ತನ್ನವರೊಬ್ಬರನ್ನು ಆ ಮೊಕದ್ದಮೆಗಷ್ಟೇ ನೇಮಿಸಬಹುದು. ಭಾರತ ನೇಮಿಸಿದ್ದು ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರನ್ನು.

ತನಗೆ ಅಧಿಕಾರ ಇದೆಯೇ ಎಂಬುದನ್ನು ಹೇಗ್ ನ್ಯಾಯಾಲಯ ತಾನೇ ತೀರ್ಮಾನಿಸುತ್ತದೆ. 1957ರ ನವೆಂಬರ್ 26ರಂದು ಅದು ಮೊದಲ ನಾಲ್ಕು ಆಕ್ಷೇಪಣೆಗಳನ್ನು ತಳ್ಳಿಹಾಕಿತು. ಘೋಷಣೆ ಸಲ್ಲಿಸಿದ ದಿನವೇ ಒಪ್ಪಿಗೆಯ ನಂಟು ಹುಟ್ಟುತ್ತದೆ, ಎದುರಾಳಿಗೆ ಸುದ್ದಿ ತಲುಪುವವರೆಗೆ ಕಾಯಬೇಕಿಲ್ಲ ಎಂದಿತು. ಕಾಯಿದೆಯ ಅಕ್ಷರಕ್ಕೆ ಇದು ಸರಿ; ಪರಸ್ಪರ ವಿಶ್ವಾಸದ ಮೇಲೆ ನಿಂತ ವ್ಯವಸ್ಥೆಗೆ ಇದು ಒಳಿತು ಮಾಡಲಿಲ್ಲ. ಉಳಿದೆರಡು ಆಕ್ಷೇಪಣೆಗಳೂ 1960ರ ಏಪ್ರಿಲ್ 12ರ ಅಂತಿಮ ತೀರ್ಪಿನಲ್ಲಿ ಬಿದ್ದವು.

ವಿಷಯದ ವಿಚಾರಣೆ ಮಾತ್ರ ಬೇರೆ ದಿಕ್ಕು ಹಿಡಿಯಿತು. ಪೋರ್ಚುಗಲ್ 1779ರ ಮರಾಠರ ಒಪ್ಪಂದವನ್ನೂ ಸನದುಗಳನ್ನೂ ಮುಂದಿಟ್ಟಿತು. ಅವು ಕೊಟ್ಟದ್ದು ರಾಜ್ಯವನ್ನಲ್ಲ, ಆ ಹಳ್ಳಿಗಳ ಕಂದಾಯ ಉಣ್ಣುವ ಸರಂಜಾಮು ಮಾತ್ರ ಎಂದು ನ್ಯಾಯಾಲಯ ಕಂಡುಕೊಂಡಿತು. ಬ್ರಿಟಿಷರು ಪೋರ್ಚುಗೀಸರ ಒಡೆತನವನ್ನು ಮುಂದೆ ಒಪ್ಪಿ ನಡೆದದ್ದರಿಂದ ರೂಢಿ ಬೆಳೆದಿತ್ತು. ಆ ರೂಢಿಯ ಬಲದ ಮೇಲೆ ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು ಮತ್ತು ಸರಕಿಗೆ ದಾರಿಯ ಹಕ್ಕಿದೆ ಎಂದು 11 ಮಂದಿ ಹೇಳಿದರು, 4 ಮಂದಿ ಒಪ್ಪಲಿಲ್ಲ. ಸೈನ್ಯ, ಸಶಸ್ತ್ರ ಪೊಲೀಸು, ಮದ್ದುಗುಂಡುಗಳಿಗೆ ಹಕ್ಕಿಲ್ಲವೆಂಬುದು 8–7ರಲ್ಲಿ ನಿಂತಿತು. 1954ರ ಉದ್ವಿಗ್ನತೆಯಲ್ಲಿ ದಾರಿ ತಡೆದ ಭಾರತ ತನ್ನ ಹೊಣೆ ಮೀರಿಲ್ಲವೆಂಬುದು 9–6ರಲ್ಲಿ ತೀರ್ಮಾನವಾಯಿತು.

1961ರ ಆಗಸ್ಟ್‌ನಲ್ಲಿ ದಾದ್ರಾ ಮತ್ತು ನಗರ ಹವೇಲಿ ಭಾರತದಲ್ಲಿ ವಿಲೀನವಾಯಿತು, ಡಿಸೆಂಬರ್‌ನಲ್ಲಿ ಗೋವೆ. ಇವೆಲ್ಲದರ ಮೇಲಿನ ಭಾರತದ ಒಡೆತನವನ್ನು ಪೋರ್ಚುಗಲ್ ಮಾನ್ಯ ಮಾಡಿದ್ದು 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತ ಹೇಗ್‌ಗೆ 2019ರವರೆಗೆ ಜಾರಿಯಲ್ಲಿದ್ದ ಹೊಸ ಘೋಷಣೆ ಕೊಟ್ಟಿತ್ತು. ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯಗಳನ್ನು ಅದು ಹೊರಗಿಟ್ಟಿತ್ತು. 1999ರಲ್ಲಿ ತನ್ನ ವಿಮಾನವನ್ನು ಹೊಡೆದುರುಳಿಸಿದ್ದಕ್ಕೆ ಪಾಕಿಸ್ತಾನ ಹೂಡಿದ ದಾವೆ 2000ದಲ್ಲಿ ನಿಲ್ಲದೆ ಹೋದದ್ದು ಆ ಕಲಮಿನ ಮುಂದೆಯೇ. ಅದರ ಇನ್ನೊಂದು ಕಲಮು ಹೀಗಿತ್ತು: ನ್ಯಾಯಾಲಯದ ಅಧಿಕಾರವನ್ನು ಒಪ್ಪಿ 12 ತಿಂಗಳು ಕಳೆಯದ ದೇಶ ಭಾರತದ ಮೇಲೆ ದಾವೆ ಹಾಕಿದರೆ, ಆ ವ್ಯಾಜ್ಯಕ್ಕೆ ಭಾರತದ ಒಪ್ಪಿಗೆ ಅನ್ವಯಿಸುವುದಿಲ್ಲ.