ತಟ್ಟೆಯ ಅಳತೆ, ರಾಗದ ಅಳತೆ: ಕಿರುಮುದ್ರಿಕೆಗಳಲ್ಲಿ ಶಾಸ್ತ್ರೀಯ ಸಂಗೀತ

ಬರೆಹದ ಇತಿಹಾಸವನ್ನು ಬಲ್ಲವರಿಗೆ ಬರೆಯುವ ವಸ್ತುವಿನ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸನದ ಕಲ್ಲು ಮಿತವಾದ ಮಾತನ್ನು ಬೇಡಿತು. ಓಲೆಗರಿಯ ಅಗಲ ಸಾಲುಗಳ ಸಂಖ್ಯೆಯನ್ನು ನಿಶ್ಚಯಿಸಿತು. ಲಿಪಿಕಾರನ ಕಂಠ ಎಲೆಯ ನಾರಿಗೆ ತಕ್ಕಂತೆ ಅಕ್ಷರಗಳನ್ನು ದುಂಡಗೆ ತಿರುಗಿಸಿತು. ಕವಿಯ ಪ್ರತಿಭೆ ಎಷ್ಟೇ ಸ್ವತಂತ್ರವಾಗಿದ್ದರೂ ಅದು ನಮ್ಮವರೆಗೆ ಬಂದಿರುವುದು ಒಂದು ವಸ್ತುವಿನ ಅಳತೆಯೊಳಗೆ ಹಾದು. ಇಪ್ಪತ್ತನೆಯ ಶತಮಾನದ ಸಂಗೀತಕ್ಕೆ ಇಂತಹ ವಸ್ತುವಾಗಿ ಒದಗಿದ್ದು ಗ್ರಾಮಫೋನಿನ ತಟ್ಟೆ. ಮೂರು ನಿಮಿಷ, ನಾಲ್ಕು ನಿಮಿಷ, ಏಳು ನಿಮಿಷಗಳ ಈ ಕಿರುಮುದ್ರಿಕೆಗಳಲ್ಲಿ ಗಂಟೆಗಟ್ಟಲೆ ಹರಿಯಬೇಕಾದ ಶಾಸ್ತ್ರೀಯ ಸಂಗೀತ ಹೇಗೆ ನೆಲೆಗೊಂಡಿತು, ಅದರಿಂದ ಏನು ಉಳಿಯಿತು, ಏನು ಅಳಿಯಿತು ಎಂಬುದು ಸಂಗೀತದ ಪ್ರಶ್ನೆಯಾಗಿರುವಷ್ಟೇ ಪಠ್ಯವಿಮರ್ಶೆಯ ಪ್ರಶ್ನೆಯೂ ಹೌದು.

ಭಾರತದಲ್ಲಿ ಈ ಕಥೆ ಮೊದಲಾಗುವುದು 1902ರ ನವೆಂಬರಿನಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಮುದ್ರಿತ ಮೇಣದ ಪಡಿಯಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಹಿಂದಿರುಗುತ್ತಿದ್ದವು. ಗಾಯಕಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ರೂಢಿ ಅಂದಿನ ತಟ್ಟೆಗಳಲ್ಲಿ ಕೇಳಿಬರುತ್ತದೆ. ದೂರದ ಕಾರ್ಖಾನೆಯವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಅದು ಹುಟ್ಟಿತೆನ್ನುತ್ತಾರೆ. ಕಾವ್ಯದ ಕೊನೆಯಲ್ಲಿ ಕವಿಯ ಅಂಕಿತವಿರುವಂತೆ ಇದು ಹಾಡಿನ ಕೊನೆಯ ಅಂಕಿತ. ಈ ಗೌಹರ್ ಜಾನ್ ಅವರೇ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಸಂಗೀತಗಾರ್ತಿಯಾಗಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷಕ್ಕೆ ತುಸು ಮಿಗಿಲು. ಒಂದೇ ಸ್ವರದ ಸುತ್ತ ಹತ್ತಾರು ನಿಮಿಷ ಸುಳಿಯುವ ವಿಲಂಬಿತ ಖಯಾಲಿಗೆ ಇದು ಕೈಗೂಸಿನ ತೊಟ್ಟಿಲು. ಗಾಯಕರು ಕಂಡುಕೊಂಡ ಹಾದಿ ಸರಳವಾಗಿತ್ತು. ಆಲಾಪವನ್ನು ಒಂದೆರಡು ಪ್ರಯೋಗಗಳಿಗೆ ಇಳಿಸಿ, ನೇರವಾಗಿ ಮಧ್ಯಲಯದ ಅಥವಾ ದ್ರುತದ ಬಂದಿಶಿಗೆ ಬಂದು, ಸ್ಥಾಯಿ ಅಂತರಗಳನ್ನು ಮುಗಿಸಿ, ಆಯ್ದ ನಾಲ್ಕಾರು ತಾನುಗಳಲ್ಲಿ ರಾಗದ ಮುಖವನ್ನು ತೋರಿಸಿ ನಿಲ್ಲಿಸುವುದು. ಠುಮ್ರಿ, ದಾದ್ರಾ, ಭಜನೆಗಳು ಈ ಅಳತೆಗೆ ಸುಲಭವಾಗಿ ಒಗ್ಗಿದವು. ಕರ್ನಾಟಕ ಸಂಗೀತದ ಕೃತಿಗೆ ಪಲ್ಲವಿ, ಅನುಪಲ್ಲವಿ, ಚರಣಗಳ ಸಿದ್ಧವಾದ ಕಟ್ಟು ಇದ್ದುದರಿಂದ ಅದೂ ಹೆಚ್ಚು ನಲುಗಲಿಲ್ಲ. ಆಲಾಪನೆ, ನೆರವಲು, ಕಲ್ಪನಾಸ್ವರಗಳು ಮಾತ್ರ ಹೊರಗುಳಿದವು. ಮಹಾಕಾವ್ಯದ ಕವಿಗೆ ಮುಕ್ತಕವನ್ನು ಬರೆಯಲು ಹೇಳಿದಂತಿತ್ತು ಈ ಕಟ್ಟಳೆ. ಸಮರ್ಥರು ಅದನ್ನೂ ಒಂದು ಕಲೆಯಾಗಿಸಿದರು. ಅಬ್ದುಲ್ ಕರೀಂ ಖಾನ್, ಫಯಾಜ್ ಖಾನ್, ಕೇಸರಬಾಯಿ ಕೇರ್ಕರ್ ಅವರ ತಟ್ಟೆಗಳಲ್ಲಿ ಕಾಣುವುದು ಕತ್ತರಿಸಿದ ಕಛೇರಿಯಲ್ಲ. ಮೂರು ನಿಮಿಷಕ್ಕೆಂದೇ ಆಲೋಚಿಸಿ ಕಟ್ಟಿದ ಒಂದು ಪೂರ್ಣ ಆಕೃತಿ.

ಪಶ್ಚಿಮದ ಸಂಗೀತಕ್ಕೆ ಈ ಸೌಕರ್ಯವಿರಲಿಲ್ಲ. ಅಲ್ಲಿಯ ಕೃತಿ ಬರೆದಿಟ್ಟ ಗ್ರಂಥ. ವಾದಕ ಅದನ್ನು ಹಿಗ್ಗಿಸಲಾರ, ಕುಗ್ಗಿಸಲಾರ. 1913ರಲ್ಲಿ ಆರ್ಥರ್ ನಿಕಿಶ್ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಬೀಥೋವನ್ನನ ಐದನೆಯ ಸಿಂಫನಿಯನ್ನು ಮುದ್ರಿಸಿದಾಗ ಅದು ತಟ್ಟೆಯ ಎಂಟು ಮುಖಗಳಲ್ಲಿ ಹಂಚಿಹೋಯಿತು. ಕೇಳುಗನು ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆಯನ್ನು ಮಗುಚಬೇಕಿತ್ತು. ಸ್ಟ್ರಾವಿನ್‌ಸ್ಕಿಯಂಥ ರಚನಕಾರ ಈ ಮಿತಿಯನ್ನೇ ಒಪ್ಪಿಕೊಂಡು 1925ರ ತನ್ನ ಪಿಯಾನೋ ಸೆರೆನೇಡಿನ ನಾಲ್ಕು ಭಾಗಗಳನ್ನೂ ತಟ್ಟೆಯ ಒಂದೊಂದು ಮುಖಕ್ಕೆ ಸರಿಹೊಂದುವಂತೆ ರಚಿಸಿದನು. ಹಳೆಯ ಕೃತಿಗಳಿಗಾದರೋ ಅಂತಹ ಸಂಧಾನ ಸಾಧ್ಯವಿರಲಿಲ್ಲ.

ಈ ಯುಗದ ಕೊನೆಯ ದೊಡ್ಡ ಸಾಹಸವೊಂದರ ಹಿಂದೆ ಮೈಸೂರು ಇದ್ದುದು ಕನ್ನಡ ಓದುಗರು ಮರೆಯಬಾರದ ಸಂಗತಿ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅದೇ ವೇಳೆಗೆ ಪಾಶ್ಚಾತ್ಯ ಸಂಗೀತದಲ್ಲಿಯೂ ನುರಿತವರು, ಧ್ವನಿಮುದ್ರಿಕೆಗಳ ದೊಡ್ಡ ಸಂಗ್ರಾಹಕರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆಯಲ್ಲಿದ್ದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸಬೇಕೆಂದು ಅವರು ಹಣವಿತ್ತರು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್.ಎಂ.ವಿ. ಮೂರು ಸಂಪುಟಗಳನ್ನು ಹೊರತಂದಿತು. ಅವನ ಮೂರೂ ಪಿಯಾನೋ ಕಂಚರ್ಟೋಗಳು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮುದ್ರಣಗೊಂಡವು. ಮೂರನೆಯ ಕಂಚರ್ಟೋವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದನು. ವಾಲ್ಟರ್ ಲೆಗ್ ಕಟ್ಟಿದ ಆ ವಾದ್ಯವೃಂದಕ್ಕೂ ಮಹಾರಾಜರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವಿತ್ತರು. ಮೆಟ್ನರ್ 1951ರಲ್ಲಿ ತೀರಿಕೊಂಡನು. ಅರ್ಧ ಗಂಟೆಗೂ ಮೀರಿದ ಕಂಚರ್ಟೋ ನಾಲ್ಕು ನಾಲ್ಕು ನಿಮಿಷಗಳ ಮುಖಗಳಲ್ಲಿ ತುಂಡಾಗಿ, ಭಾರವಾದ ಅರಗಿನ ತಟ್ಟೆಗಳ ಕಟ್ಟಿನಲ್ಲಿ ಬಂದಿತು. ಅದು ಬರುವ ಹೊತ್ತಿಗೆ ಅಮೆರಿಕದಲ್ಲಿ ಆ ಬಗೆಯ ತಟ್ಟೆಗೆ ಕಾಲ ಮುಗಿಯುತ್ತಿತ್ತು. ಓಲೆಗರಿಯ ಕಾಲ ಸಂದು ಅಚ್ಚಿನ ಯಂತ್ರ ಬಂದಮೇಲೆ ಬಹು ಶ್ರಮದಿಂದ ಬರೆಸಿದ ಓಲೆಪ್ರತಿಯ ಹಾಗೆ ಈ ಸಂಪುಟಗಳು ಕಾಣುತ್ತವೆ.

1948ರ ಜೂನ್ 21ರಂದು ಕೊಲಂಬಿಯ ಕಂಪನಿ ನ್ಯೂಯಾರ್ಕಿನಲ್ಲಿ ವಿನೈಲಿನ ದೀರ್ಘವಾದನ ತಟ್ಟೆಯನ್ನು ಪ್ರಕಟಿಸಿತು. ನಿಮಿಷಕ್ಕೆ 33⅓ ಸುತ್ತು. ಹನ್ನೆರಡು ಅಂಗುಲದ ಒಂದು ಮುಖಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾದ ಸಂಗೀತ. ಸುಮಾರು ಎಂಟು ಅಡಿ ಎತ್ತರದ ಹಳೆಯ ತಟ್ಟೆಗಳ ರಾಶಿಯ ಪಕ್ಕದಲ್ಲಿ ಅಷ್ಟೇ ಸಂಗೀತವನ್ನು ಹೊತ್ತ ಹದಿನೈದು ಅಂಗುಲದ ಹೊಸ ತಟ್ಟೆಗಳ ಕಟ್ಟನ್ನಿಟ್ಟು ತೋರಿಸಲಾಯಿತು. ಇದಕ್ಕೆ ಪ್ರತಿಯಾಗಿ ಆರ್.ಸಿ.ಎ. ವಿಕ್ಟರ್ 1949ರ ಮಾರ್ಚ್ 31ರಂದು ಏಳು ಅಂಗುಲದ, 45 ಸುತ್ತಿನ, ನಡುವೆ ದೊಡ್ಡ ರಂಧ್ರವಿದ್ದ ವಿನೈಲ್ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಸಂಗೀತದ ಬಗೆಗೊಂದು ಬಣ್ಣ: ಜನಪ್ರಿಯ ಗೀತಗಳಿಗೆ ಕಪ್ಪು, ಮಕ್ಕಳ ಹಾಡಿಗೆ ಹಳದಿ, ಹಳ್ಳಿಗಾಡಿನ ಸಂಗೀತಕ್ಕೆ ಹಸಿರು, ಶಾಸ್ತ್ರೀಯ ಸಂಗೀತಕ್ಕೆ ಬೆಳಕು ತೂರುವ ಮಾಣಿಕ್ಯದ ಕೆಂಪು.

ಈಗ ಏಳು ಅಂಗುಲದ ತಟ್ಟೆ ಎಂದರೆ ಸಿನಿಮಾ ಹಾಡು, ಪಾಪ್ ಗೀತೆಗಳೇ ನೆನಪಾಗುವುದರಿಂದ ಅದರ ಹುಟ್ಟಿನಲ್ಲಿಯೇ ಸಿಂಫನಿಗೆ ಪಾಲಿತ್ತೆಂಬುದು ಮರೆತುಹೋಗಿದೆ. ಆರ್.ಸಿ.ಎ. ಕಂಪನಿಯ ವಾದದಲ್ಲಿ ವ್ಯಾಪಾರದ ಒಂದು ತರ್ಕವಿತ್ತು. ಹೊಸ ತಟ್ಟೆಯ ಮುಖ ಹಳೆಯ ಹನ್ನೆರಡು ಅಂಗುಲದ ತಟ್ಟೆಯ ಮುಖದಷ್ಟೇ ಸಂಗೀತವನ್ನು ಹಿಡಿಯುತ್ತಿದ್ದುದರಿಂದ ಸಂಗ್ರಹದಲ್ಲಿದ್ದ ಹಳೆಯ ಮುದ್ರಣಗಳನ್ನು ಮುಖಕ್ಕೆ ಮುಖವಾಗಿ ವರ್ಗಾಯಿಸಬಹುದಿತ್ತು. ಸಿಂಫನಿಗಳು ಪುಟ್ಟ ಪೆಟ್ಟಿಗೆಗಳಲ್ಲಿ ನಾಲ್ಕಾರು ಕೆಂಪು ತಟ್ಟೆಗಳಾಗಿ ಬಂದವು. ದಪ್ಪ ಕಡ್ಡಿಗೆ ಪೋಣಿಸಿದ ತಟ್ಟೆಗಳನ್ನು ಯಂತ್ರವೇ ಒಂದಾದಮೇಲೊಂದರಂತೆ ಬೀಳಿಸುತ್ತಿತ್ತು. ಆದಕಾರಣ ನಾಲ್ಕು ತಟ್ಟೆಗಳ ಕಟ್ಟಿನಲ್ಲಿ ಮೊದಲ ತಟ್ಟೆಯ ಹಿಂದೆ ಎರಡನೆಯ ಮುಖವಿರದೆ ಎಂಟನೆಯದಿರುತ್ತಿತ್ತು. ಎರಡರ ಹಿಂದೆ ಏಳು, ಮೂರರ ಹಿಂದೆ ಆರು. ಅರ್ಧ ಕೇಳಿದ ಮೇಲೆ ಇಡೀ ಕಟ್ಟನ್ನು ಮಗುಚಿ ಹಾಕಿದರೆ ಉಳಿದರ್ಧ ಕ್ರಮವಾಗಿ ಬರುತ್ತಿತ್ತು. ಇಂತಹ ಕಟ್ಟಿನಲ್ಲಿ ಒಂದು ತಟ್ಟೆ ಕಳೆದರೆ ಕೃತಿಯಲ್ಲಿ ಎರಡು ಕಡೆ ಬಿರುಕು ಬೀಳುತ್ತದೆ. ನಡುವಣ ಗರಿ ಕಳೆದ ಹಸ್ತಪ್ರತಿಯನ್ನು ಸಂಪಾದಿಸಿದವರಿಗೆ ಈ ಕಷ್ಟ ಅಪರಿಚಿತವಲ್ಲ.

ಯಂತ್ರ ಎಷ್ಟೇ ಚುರುಕಾಗಿದ್ದರೂ ತಟ್ಟೆ ಬದಲಾಗುವ ಕ್ಷಣಗಳಲ್ಲಿ ಸಂಗೀತ ಕಡಿಯುತ್ತಿತ್ತು. ಇಡೀ ಚಲನವನ್ನು ತಡೆಯಿಲ್ಲದೆ ಕೇಳಿಸುವ ಇನ್ನೊಂದು ತಟ್ಟೆ ಪಕ್ಕದಲ್ಲಿಯೇ ಇರುವಾಗ ಸಿಂಫನಿಯ ರಸಿಕನು ಈ ಕಡಿತವನ್ನು ಸಹಿಸಬೇಕಾದ ಕಾರಣವಿರಲಿಲ್ಲ. 1950ರ ಜನವರಿಯಲ್ಲಿ ಆರ್.ಸಿ.ಎ. ತಾನೂ ದೀರ್ಘವಾದನ ತಟ್ಟೆಗಳನ್ನು ತರುವುದಾಗಿ ಸಾರಿತು; ಕೊಲಂಬಿಯವೂ ಬಿಡಿ ಹಾಡುಗಳಿಗೆ 45 ಸುತ್ತಿನ ತಟ್ಟೆಯನ್ನು ಒಪ್ಪಿಕೊಂಡಿತು. ಗೆಲುವು ಸೋಲುಗಳಿಗಿಂತ ಇಲ್ಲಿ ನಡೆದುದು ಪ್ರಕಾರಗಳ ಹಂಚಿಕೆ. ವಿಸ್ತಾರವಾದುದು ದೊಡ್ಡ ತಟ್ಟೆಗೆ, ಬಿಡಿಯಾದುದು ಸಣ್ಣದಕ್ಕೆ. ಆಪೆರಾದ ಬಿಡಿ ಗೀತ, ಪೀಠಿಕಾವಾದನ, ಪಿಯಾನೋದ ಕಿರುರಚನೆಗಳು ಮಾತ್ರ ಏಳು ಅಂಗುಲದಲ್ಲಿ ಉಳಿದುಕೊಂಡವು. ಅವುಗಳಿಗಾಗಿಯೇ ಎಂಬಂತೆ ಗೆರೆಗಳನ್ನು ಒತ್ತೊತ್ತಾಗಿಸಿ ಮುಖವೊಂದಕ್ಕೆ ಏಳು ನಿಮಿಷದಷ್ಟು ಹಿಡಿಯುವ ಇ.ಪಿ. ತಟ್ಟೆಯೂ ಬಂದಿತು.

ಭಾರತದಲ್ಲಿ ಈ ಬದಲಾವಣೆ ನಿಧಾನವಾಗಿ ನಡೆಯಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನದ ದೀರ್ಘವಾದನ ತಟ್ಟೆ ಅಮೆರಿಕದಲ್ಲಿ ಯೆಹೂದಿ ಮೆನುಹಿನ್ನರ ಪರಿಚಯದ ಮಾತುಗಳೊಡನೆ ಹೊರಬಂದು, ರಾಗವೊಂದು ಇಪ್ಪತ್ತು ನಿಮಿಷ ತಡೆಯಿಲ್ಲದೆ ಹರಿಯುವುದನ್ನು ತಟ್ಟೆಯ ಮೇಲೆ ತೋರಿಸಿತು. ಆದರೆ ವಿದ್ಯುತ್ತಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಬಾಳುತ್ತಿದ್ದವು. ಆದುದರಿಂದ 78 ಸುತ್ತಿನ ತಟ್ಟೆಗಳು ಇಲ್ಲಿ 1960ರ ದಶಕದಲ್ಲಿಯೂ ಅಚ್ಚಾಗುತ್ತಿದ್ದವು. ಹಳೆಯ ತಟ್ಟೆಗೂ ದುಬಾರಿಯಾದ ದೊಡ್ಡ ತಟ್ಟೆಗೂ ನಡುವಣ ಜಾಗವನ್ನು ಇ.ಪಿ. ತುಂಬಿತು. ಒಂದು ಮುಖಕ್ಕೊಂದು ರಾಗ, ಅಥವಾ ಒಂದು ಕೃತಿ, ಇಲ್ಲವೇ ಎರಡು ದೇವರನಾಮ. ಆರೇಳು ನಿಮಿಷದಲ್ಲಿ ಮೂರು ನಿಮಿಷದ ಆತುರವಿರಲಿಲ್ಲ. ಕೃತಿಗೆ ಮುನ್ನ ನಾಲ್ಕು ಎಳೆ ಆಲಾಪನೆ, ಕೊನೆಗೆ ಒಂದಾವರ್ತ ಸ್ವರ ಹಾಕಲು ಎಡೆಯಿತ್ತು. ತಟ್ಟೆಗೆ ಮುದ್ರಿತವಾದ ಹೊದಿಕೆಯಿದ್ದುದರಿಂದ ಕಲಾವಿದರ ಚಿತ್ರ, ರಾಗ ತಾಳಗಳ ಹೆಸರುಗಳಿಗೂ ಜಾಗ ದೊರೆಯಿತು.

ಕಿರುಮುದ್ರಿಕೆಗಳ ಬೆಲೆ ಎಷ್ಟೆಂಬುದನ್ನು ಧಾರವಾಡ ಸೀಮೆಯ ಸಂಗೀತದ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಗಂಗೂಬಾಯಿ ಹಾನಗಲ್ಲರ ಗಂಭೀರವಾದ, ಗಂಡುದನಿಗೆ ಹತ್ತಿರವಾದ ಕಂಠವನ್ನಷ್ಟೇ ಬಲ್ಲವರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳನ್ನು ಕೇಳಿದರೆ ಬೆರಗಾಗುತ್ತಾರೆ. ಅಲ್ಲಿರುವುದು ತೆಳುವಾದ, ಎತ್ತರದ ಶ್ರುತಿಯ ಎಳೆಯ ದನಿ. ಗಂಟಲಿನ ಚಿಕಿತ್ಸೆಯ ಬಳಿಕ ಮಾಯವಾದ ಆ ದನಿಗೆ ಈ ತಟ್ಟೆಗಳೇ ಸಾಕ್ಷಿ. ಮಲ್ಲಿಕಾರ್ಜುನ ಮನಸೂರರು ಜೈಪುರ ಘರಾಣೆಯ ಸಂಕೀರ್ಣ ರಾಗಗಳಿಗೆ ಹೆಸರಾಗುವ ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತವರು. ಅವರ ಎಳವೆಯ ಎಚ್.ಎಂ.ವಿ. ತಟ್ಟೆಗಳು ಆ ಪದರವನ್ನು ಕಾಪಾಡಿವೆ. ಕುಮಾರ ಗಂಧರ್ವರ ಬಾಲ್ಯದ ಗಾಯನವೂ ಇಂತಹ ತಟ್ಟೆಗಳಲ್ಲಿ ಉಳಿದಿದೆ. ಇನ್ನು ಗದುಗಿನ ಹುಡುಗ ಭೀಮಸೇನ ಜೋಶಿ ಗುರುವನ್ನರಸಿ ಮನೆ ಬಿಡಲು ಪ್ರೇರಣೆಯಾದುದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯ ತಟ್ಟೆ. ಆ ಹುಡುಗ ಕೊನೆಗೆ ಸೇರಿದ್ದು ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರನ್ನು. ಕೆಲವೇ ನಿಮಿಷಗಳ ತಟ್ಟೆಯೊಂದು ಗುರುಪರಂಪರೆಯ ಕೊಂಡಿಯಾದ ಬಗೆ ಇದು.

ಇಂತಹ ಆಕರವನ್ನು ಬಳಸುವ ಸಂಶೋಧಕನಿಗೆ ಗ್ರಂಥಸಂಪಾದಕನ ಎಚ್ಚರವೇ ಬೇಕಾಗುತ್ತದೆ. ತಟ್ಟೆಯಲ್ಲಿ ವಿಲಂಬಿತ ಇಲ್ಲವೆಂದಮಾತ್ರಕ್ಕೆ ಗಾಯಕರು ಅದನ್ನು ಹಾಡುತ್ತಿರಲಿಲ್ಲವೆಂದು ತೀರ್ಮಾನಿಸುವುದು, ಲಯ ಚುರುಕಾಗಿದೆಯೆಂದು ಅಂದಿನ ಕಛೇರಿಗಳೆಲ್ಲ ಹಾಗೆಯೇ ಇದ್ದವೆನ್ನುವುದು ದೋಷವಾಗುತ್ತದೆ. 1925ರ ಬಳಿಕ ವಿದ್ಯುತ್ ಮುದ್ರಣ ಬರುವವರೆಗೆ ಕೊಂಬಿನ ಮೂಲಕ ನಡೆದ ಮುದ್ರಣಗಳಲ್ಲಿ ತಿರುಗುವ ವೇಗ ಏಕರೂಪವಾಗಿರಲಿಲ್ಲ. ಎಲ್ಲವನ್ನೂ 78ರಲ್ಲಿ ತಿರುಗಿಸಿದರೆ ಶ್ರುತಿಯೂ ಲಯವೂ ದನಿಯ ಬಣ್ಣವೂ ಬೇರೆಯಾಗುತ್ತವೆ. ಚೀಟಿಯಲ್ಲಿ ಅಚ್ಚಾದ ರಾಗದ ಹೆಸರು ಹಾಡಿನೊಡನೆ ಹೊಂದದಿರುವುದುಂಟು. ತಬಲ, ಸಾರಂಗಿ, ಪಿಟೀಲಿನವರ ಹೆಸರು ಇಲ್ಲದಿರುವುದಂತೂ ಸಾಮಾನ್ಯ. ತಟ್ಟೆಯ ನಡುವೆ, ಗೆರೆಗಳು ಮುಗಿಯುವಲ್ಲಿ ಕೊರೆದಿರುವ ಅಂಕೆ ಅಕ್ಷರಗಳು ಅದು ಯಾವ ಮುದ್ರಣವೆಂದು ತಿಳಿಸುತ್ತವೆ. ಹಸ್ತಪ್ರತಿಗೆ ಪುಷ್ಪಿಕೆ ಹೇಗೋ ಹಾಗೆ. ಅದನ್ನು ಬರೆದುಕೊಳ್ಳದೆ ಹಾಡನ್ನು ಮಾತ್ರ ನಕಲು ಮಾಡಿಕೊಂಡರೆ ಪ್ರತಿಯ ವಂಶಾವಳಿ ಕಳೆದುಹೋಗುತ್ತದೆ.

ಗ್ರಂಥಾಲಯಗಳ ಗಮನ ಸಹಜವಾಗಿ ದೊಡ್ಡ ತಟ್ಟೆಗಳ ಕಡೆಗೇ ಹರಿದಿದೆ. ಮರುಮುದ್ರಣದ ಭಾಗ್ಯವೂ ಪ್ರಸಿದ್ಧರಿಗೇ ಹೆಚ್ಚು. ಅರಗಿನ ತಟ್ಟೆ ಕೈಜಾರಿದರೆ ಚೂರಾಗುತ್ತದೆ, ವಿನೈಲಿನದು ಬಿಸಿಲಿಗೆ ಬಾಗುತ್ತದೆ, ಹೊದಿಕೆ ಕಳೆದ ಇ.ಪಿ. ಸಿನಿಮಾ ಹಾಡುಗಳ ರಾಶಿಯಲ್ಲಿ ಸೇರಿ ಗುಜರಿಗೆ ಹೋಗುತ್ತದೆ. ಒಂದೆರಡು ತಟ್ಟೆಗಳನ್ನಷ್ಟೇ ಕೊಟ್ಟು ಮರೆಯಾದ ಗಾಯಕ ಗಾಯಕಿಯರಿಗೆ ಆ ಕೆಲವು ನಿಮಿಷಗಳ ಹೊರತು ಬೇರೆ ಗ್ರಂಥವಿಲ್ಲ. 1977ರಲ್ಲಿ ವಾಯೇಜರ್ ನೌಕೆಗಳೊಡನೆ ಅಂತರಿಕ್ಷಕ್ಕೆ ಕಳುಹಿಸಿದ ಚಿನ್ನದ ಲೇಪನದ ತಟ್ಟೆಯಲ್ಲಿ ಭಾರತದ ಸಂಗೀತವಾಗಿ ಸೇರಿದ್ದು ಕೇಸರಬಾಯಿ ಕೇರ್ಕರರು ಹಾಡಿದ ಒಂದು ಭೈರವಿ. ಅದರ ಅವಧಿ 3 ನಿಮಿಷ 30 ಸೆಕೆಂಡು. ಒಂದು ಪರಂಪರೆಯನ್ನು ಪ್ರತಿನಿಧಿಸಲು ಅಷ್ಟು ಸಾಕೆಂದು ಆಯ್ದವರಿಗೆ ತೋರಿತು. ಅಂತಹ ಎಷ್ಟೋ ಮೂರು ನಿಮಿಷಗಳು ಭೂಮಿಯ ಮೇಲೆ, ನಮ್ಮ ಊರುಗಳ ಅಟ್ಟಗಳ ಮೇಲೆ, ಪಟ್ಟಿಯೊಂದಕ್ಕೂ ಸೇರದೆ ಉಳಿದಿವೆ. ಅವುಗಳ ಸೂಚಿಯನ್ನು ಸಿದ್ಧಪಡಿಸುವುದು ಹಸ್ತಪ್ರತಿಗಳ ಸೂಚಿಯಷ್ಟೇ ತುರ್ತಾದ ಕೆಲಸ.